ಮಂಡಿ ಶಸ್ತ್ರಚಿಕಿತ್ಸೆಯಾಗಿ 19 ದಿನ: ಅಮ್ಮನನ್ನು ನಡೆಸಬೇಕೋ, ಮಲಗಲು ಬಿಡಬೇಕೋ?

ಮೂರನೇ ಮಹಡಿ, ಡೊಂಬಿವಲಿ
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 67 ವರ್ಷ. ಬಲ ಮಂಡಿಯ ಕೀಲು ಬದಲಿಸಿ ಇಂದಿಗೆ 19 ದಿನ. ನಮ್ಮದು ಹಳೆಯ ಕಟ್ಟಡ, ಲಿಫ್ಟ್ ಇಲ್ಲ. ಆಸ್ಪತ್ರೆಯಿಂದ ಬಂದ ದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ವರು ಹೊತ್ತು ತಂದೆವು. ಅಂದಿನಿಂದ ಕೆಳಗೆ ಇಳಿದಿಲ್ಲ.

ದಿನ ಬಿಟ್ಟು ದಿನ ಫಿಸಿಯೋಥೆರಪಿಯವರು ಬರುತ್ತಾರೆ. ಮಂಡಿ ಮಡಿಸುವಾಗ ಅಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಅಳುತ್ತಾಳೆ. ನಿನ್ನೆ ಮಂಡಿ ಮಡಿದ ಅಳತೆ 78 ಡಿಗ್ರಿ. ಇಷ್ಟು ಹೊತ್ತಿಗೆ 90 ಆಗಬೇಕಿತ್ತಂತೆ. ಬೆಳಿಗ್ಗೆ ಕಾಲು ಪರವಾಗಿಲ್ಲ, ಸಂಜೆಯಾದರೆ ಕುಂಬಳಕಾಯಿ. ಮುಟ್ಟಿದರೆ ಬೆಚ್ಚಗಿರುತ್ತದೆ. ಪಕ್ಕದ ಮನೆಯ ಕಾಕು ‘ಪಾಪ, ಯಾಕೆ ಹಿಂಸೆ ಕೊಡುತ್ತೀರಿ’ ಎನ್ನುತ್ತಾರೆ. ಧಾರವಾಡದಿಂದ ದೊಡ್ಡಮ್ಮ ದಿನಕ್ಕೆರಡು ಸಲ ಫೋನ್ ಮಾಡಿ, ಕೊಯ್ದ ಕಾಲನ್ನು ಹಾಗೆ ಜಗ್ಗಿದರೆ ಒಳಗಿನ ಹೊಲಿಗೆ ಬಿಚ್ಚುತ್ತದೆ, ಮೂರು ತಿಂಗಳು ಮಲಗಿರಲಿ ಎಂದು ಅಪ್ಪಣೆ ಕೊಡುತ್ತಾರೆ.

ಇನ್ನೊಂದು ಮಾತು. ಕಳೆದ ಭಾನುವಾರ ಕಚೇರಿಯ ಗೆಳೆಯರ ಮಾತಿಗೆ ಮರುಳಾಗಿ ಅಭ್ಯಾಸವಿಲ್ಲದೆ 10 ಕಿಲೋಮೀಟರ್ ಓಡಿದೆ. ಸೋಮವಾರ ಪರವಾಗಿರಲಿಲ್ಲ. ಮಂಗಳವಾರ ಕಂಬಿ ಹಿಡಿದು ಏಡಿಯಂತೆ ಅಡ್ಡಡ್ಡ ಮೆಟ್ಟಿಲಿಳಿದೆ. ವಾಕರ್ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಮ್ಮ ಹೊಟ್ಟೆ ಹಿಡಿದು ನಕ್ಕಳು. ನನ್ನ ಕಾಲಿಗೆ ಎರಡು ದಿನ ವಿಶ್ರಾಂತಿ ಸಾಕಾಯಿತು. ಅದೇ ವಿಶ್ರಾಂತಿ ಅಮ್ಮನಿಗೆ ಮಾತ್ರ ಏಕೆ ಬೇಡ? ಬಲ್ಲವರು ಹೇಳಿ.

ಗಲ್ಲಾಪೆಟ್ಟಿಗೆ, ವಡಾಲಾ
ಮೊದಲು ಲಿಫ್ಟ್ ಹಾಕಿಸಿ ಮಾರಾಯರೇ.

ಮೂರನೇ ಮಹಡಿ, ಡೊಂಬಿವಲಿ
ಸೊಸೈಟಿ ಸಭೆಯಲ್ಲಿ 11 ವರ್ಷಗಳಿಂದ ಅದೇ ಚರ್ಚೆ ನಡೆದಿದೆ ಅಣ್ಣ. ನೆಲಮಹಡಿಯವರು ನಮಗೇಕೆ ಲಿಫ್ಟ್ ಎನ್ನುತ್ತಾರೆ.

ಚಕ್ಕುಲಿ ಅಕ್ಕ, ಗೋರೆಗಾಂವ್
ನಮ್ಮ ಅತ್ತೆಯವರಿಗೂ ಇದೇ ಆಗಿತ್ತು. ಅಳುತ್ತಾರೆ ಎಂದು ನಾವು ಕರಗಿಹೋದೆವು. ಫಿಸಿಯೋದವರನ್ನು ಹತ್ತು ದಿನ ಬರಬೇಡಿ ಎಂದೆವು. ಎರಡೂವರೆ ತಿಂಗಳಿಗೆ ಮಂಡಿ ಬಾಗಿಲ ಅಗುಳಿಯಂತೆ ನೆಟ್ಟಗೆ ಬಿಗಿದುಕೊಂಡಿತು. ಕೊನೆಗೆ ಮತ್ತೆ ಆಸ್ಪತ್ರೆಗೆ ಸೇರಿಸಿ, ಅರಿವಳಿಕೆ ಕೊಟ್ಟು, ಡಾಕ್ಟರು ಕೈಯಿಂದಲೇ ಒತ್ತಿ ಮಡಿಸಿದರು. ಕರಗಬೇಡಿ.

ಥಾಣೆ ಫಿಸಿಯೋ
ಇದೇ ನನ್ನ ಕಸುಬು. ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ.

ಸಂಜೆ ಊದುವುದು, ಮುಟ್ಟಿದರೆ ಬೆಚ್ಚಗಿರುವುದು, ಗಾಯದ ಹೊರಬದಿಯ ಚರ್ಮ ಮರಗಟ್ಟಿದಂತಿರುವುದು, ನಡೆಯುವಾಗ ಒಳಗೆ ಟಕ್ ಎನ್ನುವುದು, ರಾತ್ರಿ ನಿದ್ದೆ ಬಾರದಿರುವುದು: ಇವೆಲ್ಲ ಮೂರನೆಯ ವಾರದಲ್ಲಿ ಮಾಮೂಲು. ಊತ ಪೂರ್ತಿ ಇಳಿಯಲು ಮೂರರಿಂದ ಆರು ತಿಂಗಳು ಹಿಡಿಯುವುದುಂಟು.

ಈಗ ನಿಮ್ಮ ಪ್ರಶ್ನೆ. ಮಂಡಿಯಲ್ಲಿ ನೀರು ತುಂಬಿದರೆ ನರಮಂಡಲ ತೊಡೆಯ ಮುಂಭಾಗದ ಮಾಂಸಖಂಡಕ್ಕೆ ‘ನೀನು ಸುಮ್ಮನಿರು’ ಎಂದು ಅಪ್ಪಣೆ ಕಳುಹಿಸುತ್ತದೆ. ಆರೋಗ್ಯವಂತರ ಮಂಡಿಗೆ ಉಪ್ಪುನೀರನ್ನು ಚುಚ್ಚಿ ನೋಡಿದ್ದಾರೆ. ಯಾವ ಗಾಯವೂ ಇಲ್ಲದಿದ್ದರೂ ತೊಡೆಯ ಶಕ್ತಿ ಕುಗ್ಗಿತು. ಕೀಲು ಬದಲಿಸಿದ ಮೊದಲ ತಿಂಗಳಲ್ಲಿ ಆ ಮಾಂಸಖಂಡದ ಶಕ್ತಿ ಅರ್ಧಕ್ಕಿಂತ ಕೆಳಗೆ ಬೀಳುವುದುಂಟು. ಅದರಲ್ಲಿ ಒಂದಷ್ಟು ಕರಗುವುದರಿಂದ, ಬಹುಪಾಲು ಈ ಬಾಯಿಮುಚ್ಚಿಸುವಿಕೆಯಿಂದ. ಮಲಗಿದರೆ ಅದು ತಾನಾಗಿ ಬಿಡುವುದಿಲ್ಲ. ‘ಮಂಡಿಯನ್ನು ಹಾಸಿಗೆಗೆ ಒತ್ತಿ ಐದು ಎಣಿಸಿ’ ಎಂದು ನಾವು ಪೀಡಿಸುವುದು ಮೆದುಳಿಗೂ ತೊಡೆಗೂ ಮತ್ತೆ ಮಾತುಕತೆ ಶುರುವಾಗಲಿ ಎಂದು.

ಇನ್ನೊಂದು ಕಡೆ, ಗಾಯದ ಅಂಟು. ದೇಹ ಗಾಯ ತುಂಬಲು ಒಳಗೆ ಹೊಸ ನಾರು ನೇಯುತ್ತದೆ. ಮಂಡಿ ಅಲುಗದಿದ್ದರೆ ಆ ನಾರು ಅಡ್ಡಾದಿಡ್ಡಿಯಾಗಿ ಹಬ್ಬಿ ಗಟ್ಟಿಯಾಗುತ್ತದೆ. ಅಕ್ಕ ಹೇಳಿದ ಅಗುಳಿ ಅದೇ.

ಅನುಮಾನ ರಾಯ, ಕಲ್ಯಾಣ್
ಕಸುಬಿನವರು ನಡೆಯಿರಿ ಎನ್ನದೆ ಮಲಗಿ ಎನ್ನುತ್ತಾರೆಯೇ? ಒಂದು ಭೇಟಿಗೆ ಎಷ್ಟು ತೆಗೆದುಕೊಳ್ಳುತ್ತಾರೆ ಎಂಬುದನ್ನೂ ಬರೆಯಿರಿ.

ಥಾಣೆ ಫಿಸಿಯೋ
ರಾಯರೇ, ನಾನು ಹೇಳಿದ ಒತ್ತುವ ವ್ಯಾಯಾಮಕ್ಕೆ ಒಂದು ಸುತ್ತಿದ ಟವೆಲ್ ಸಾಕು. ಟವೆಲ್ ನಿಮ್ಮದೇ.

ನಿವೃತ್ತ ಮಾಸ್ತರ, ಮುಲುಂಡ್
ನನ್ನ ಬೈಪಾಸ್ ಆದಾಗ ಎದೆಯ ಮೂಳೆಯನ್ನು ಉದ್ದಕ್ಕೆ ಸೀಳಿ, ಕೆಲಸ ಮುಗಿದ ಮೇಲೆ ಉಕ್ಕಿನ ತಂತಿಯಲ್ಲಿ ಕಟ್ಟಿದರು. ಇಂಥ ದೇಹವನ್ನು ಮಾರನೆಯ ದಿನವೇ ಕುರ್ಚಿಯಲ್ಲಿ ಕೂರಿಸಿದರು. ಕೆಮ್ಮು ಬಂದಾಗ ದಿಂಬನ್ನು ಎದೆಗೆ ಅಪ್ಪಿಕೊಳ್ಳಬೇಕು, ಮೂರು ಗೋಲಿಗಳ ಪ್ಲಾಸ್ಟಿಕ್ ಯಂತ್ರದಲ್ಲಿ ಉಸಿರೆಳೆದು ಗೋಲಿಗಳನ್ನು ಮೇಲೇರಿಸಬೇಕು. ಮೂರನೆಯ ಗೋಲಿ ಏರಿದ ದಿನ ನನ್ನ ಹಿಗ್ಗು ಹೇಳತೀರದು. ತಮಾಷೆಯೆಂದರೆ ಎದೆಗಿಂತ ಹೆಚ್ಚು ಕಾಡಿದ್ದು ಕಾಲು. ರಕ್ತನಾಳವನ್ನು ಅಲ್ಲಿಂದಲೇ ತೆಗೆದಿದ್ದರು.

ಮಲಗುವುದರ ಬಗ್ಗೆ ಒಂದು ಹಳೆಯ ಪ್ರಯೋಗ ನೆನಪಿಗೆ ಬರುತ್ತದೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20 ವರ್ಷದ ಐವರು ತರುಣರನ್ನು ಮೂರು ವಾರ ಹಾಸಿಗೆಯಲ್ಲೇ ಇರಿಸಿದರು. ಮೂವತ್ತು ವರ್ಷ ಕಳೆದ ಮೇಲೆ ಅದೇ ಐವರನ್ನು ಹುಡುಕಿ ಮತ್ತೆ ಪರೀಕ್ಷಿಸಿದರು. ಆಮ್ಲಜನಕವನ್ನು ಬಳಸುವ ಅವರ ಸಾಮರ್ಥ್ಯ ಮೂವತ್ತು ವರ್ಷಗಳ ವಯಸ್ಸಿನಿಂದ ಕುಗ್ಗಿದ್ದಕ್ಕಿಂತ ಅಂದಿನ ಮೂರು ವಾರಗಳ ಹಾಸಿಗೆಯಿಂದಲೇ ಹೆಚ್ಚು ಕುಗ್ಗಿತ್ತು. ದೊಡ್ಡಮ್ಮನವರಿಗೆ ಇದನ್ನು ಓದಿ ಹೇಳಿ.

ಮೂರನೇ ಮಹಡಿ, ಡೊಂಬಿವಲಿ
ಓದಿ ಹೇಳಿದೆ ಮಾಸ್ತರರೇ. ‘ಆ ಹುಡುಗರಿಗೆ ಮನೆಯಲ್ಲಿ ಸರಿಯಾಗಿ ಉಣ್ಣಲು ಹಾಕಿರಲಿಕ್ಕಿಲ್ಲ’ ಎಂದರು.

ಗಲ್ಲಾಪೆಟ್ಟಿಗೆ, ವಡಾಲಾ
ನಾನು ರಾಯರ ಪಕ್ಷ. ನನಗೆ ಹರ್ನಿಯಾ ಆಗಿತ್ತು. ಬಲೆ ಇಟ್ಟು ಹೊಲಿದರು, ಮೂರನೆಯ ದಿನ ಮನೆಗೆ ಬಂದೆ, ಹತ್ತನೆಯ ದಿನ ಗಲ್ಲಾದಲ್ಲಿ ಕುಳಿತೆ. ನೋವೇ ಇಲ್ಲ. ಹದಿನೆಂಟನೆಯ ದಿನ ಹುಡುಗ ರಜೆ ಹಾಕಿದ್ದ. ಇಡ್ಲಿ ಹಿಟ್ಟಿನ ಪಾತ್ರೆಯನ್ನು ನಾನೇ ಎತ್ತಿದೆ. ಒಳಗೆ ಏನೋ ಜಾರಿದಂತಾಯಿತು. ವರ್ಷದೊಳಗೆ ಮತ್ತೊಮ್ಮೆ ಕೊಯ್ಯಿಸಿಕೊಂಡೆ. ಆದ್ದರಿಂದ ‘ನಡೆ ನಡೆ’ ಎನ್ನುವವರು ಸ್ವಲ್ಪ ನಿಧಾನಿಸಿ.

ಓಟಗಾರ್ತಿ, ನೆರೂಲ್
ಅಣ್ಣ ಹೇಳಿದ್ದು ಸರಿ. ನೋವು ಹೋಯಿತು ಎಂದರೆ ಗಾಯ ಮಾಗಿತು ಎಂದಲ್ಲ. ನನ್ನ ಮಂಡಿಯ ಒಳಗಿನ ಅಸ್ಥಿರಜ್ಜು ಹರಿದು, ತೊಡೆಯ ಹಿಂಬದಿಯ ಸ್ನಾಯುರಜ್ಜುವನ್ನು ತೆಗೆದು ಅದರ ಜಾಗಕ್ಕೆ ಹಾಕಿದ್ದಾರೆ. ಎರಡು ತಿಂಗಳಿಗೆ ಊತ ಇಳಿದು ನಡಿಗೆ ಹಗುರವಾಗಿತ್ತು. ಗಾಡಿ ತಪ್ಪುತ್ತದೆಂದು ಒಂದು ದಿನ ಪ್ಲಾಟ್‌ಫಾರ್ಮಿನಲ್ಲಿ ನಾಲ್ಕು ಹೆಜ್ಜೆ ಓಡಿದೆ. ಫಿಸಿಯೋದವರಿಗೆ ಹೆಮ್ಮೆಯಿಂದ ಹೇಳಿದರೆ ಅವರ ಮುಖ ಬಿಳಿಚಿಕೊಂಡಿತು. ಹಾಕಿದ ತುಂಡಿನಲ್ಲಿ ಮೊದಲು ರಕ್ತಸಂಚಾರವೇ ಇರುವುದಿಲ್ಲ, ದೇಹ ಅದನ್ನು ಒಳಗಿನಿಂದ ಮೆದುಗೊಳಿಸಿ ಮತ್ತೆ ಕಟ್ಟುತ್ತದೆ, ಆರರಿಂದ ಹನ್ನೆರಡು ವಾರಗಳ ನಡುವೆ ಅದು ತೀರಾ ಬಲಹೀನವಾಗಿರುತ್ತದೆ ಎಂದು ಆಗ ತಿಳಿಯಿತು. ಅಂದರೆ ನನಗೆ ಅತ್ಯಂತ ಚೆನ್ನಾಗಿದೆ ಅನಿಸಿದ ಹೊತ್ತೇ ಅದಕ್ಕೆ ಅತ್ಯಂತ ಕೆಟ್ಟ ಹೊತ್ತು. ಆಟಕ್ಕೆ ಮರಳಲು ಒಂಬತ್ತು ತಿಂಗಳಾದರೂ ಬೇಕು ಎಂದು ಕಾಯಿಸಿದರು.

ಥಾಣೆ ಫಿಸಿಯೋ
ಹೌದು. ದೇಹದ ಒಂದೊಂದು ಭಾಗಕ್ಕೂ ಒಂದೊಂದು ಪಂಚಾಂಗ. ಚರ್ಮದ ಹೊಲಿಗೆ ಹತ್ತು ಹದಿನಾಲ್ಕು ದಿನಕ್ಕೆ ಬಿಚ್ಚುತ್ತಾರೆ, ಆದರೆ ಆ ಚರ್ಮ ಮೊದಲಿನ ಬಲದ ಶೇಕಡಾ 80ರಷ್ಟಕ್ಕೆ ಬರಲು ಮೂರು ತಿಂಗಳು ಬೇಕು, ನೂರಕ್ಕೆ ನೂರು ಎಂದೂ ಬರುವುದಿಲ್ಲ. ಮಾಸ್ತರರ ಎದೆಮೂಳೆ ಕೂಡಲು ಆರೆಂಟು ವಾರಗಳಾದರೂ ಬೇಕು, ಅದಕ್ಕೇ ಅವರಿಗೆ ಭಾರ ಎತ್ತಬೇಡಿ ಎಂದಿರುತ್ತಾರೆ. ಅಣ್ಣ ಹತ್ತನೆಯ ದಿನ ಗಲ್ಲಾದಲ್ಲಿ ಕುಳಿತದ್ದು ತಪ್ಪಲ್ಲ, ನಡೆದಾಡಿದ್ದೂ ತಪ್ಪಲ್ಲ. ಹಿಟ್ಟಿನ ಪಾತ್ರೆ ತಪ್ಪು. ಕೃತಕ ಕೀಲಿನ ವಿಷಯ ಬೇರೆ. ಲೋಹದ ಭಾಗವನ್ನು ಸಾಮಾನ್ಯವಾಗಿ ಮೂಳೆಗೆ ಸಿಮೆಂಟಿನಿಂದ ಕೂರಿಸಿರುತ್ತಾರೆ, ಅದು ಅಲ್ಲಿಯೇ ಗಟ್ಟಿಯಾಗುತ್ತದೆ. ಅಮ್ಮ ಕಾಲೂರಿದರೆ ಕೀಲು ಜಾರುವುದಿಲ್ಲ.

ಅನುಮಾನ ರಾಯ, ಕಲ್ಯಾಣ್
ಓಡಿದವನ ಕಾಲುನೋವಿನ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಲ್ಯಾಕ್ಟಿಕ್ ಆಮ್ಲ ಕಟ್ಟಿಕೊಂಡಿರುತ್ತದೆ, ಬಿಸಿನೀರು ಹಾಕಿಕೊಂಡು ಚೆನ್ನಾಗಿ ನೀವಿಸಿಕೊಳ್ಳಿ.

ಓಟಗಾರ್ತಿ, ನೆರೂಲ್
ರಾಯರೇ, ಅದು ಓಟಗಾರರ ನಡುವೆಯೂ ಸಾಯದ ಸುಳ್ಳು. ಓಟ ನಿಲ್ಲಿಸಿ ಒಂದೆರಡು ಗಂಟೆಯೊಳಗೆ ಅದು ರಕ್ತದಿಂದ ಹೊರಟುಹೋಗಿರುತ್ತದೆ. ಭಾನುವಾರ ಓಡಿ ಮಂಗಳವಾರ ಏಡಿಯಾದದ್ದು ಮಾಂಸಖಂಡದ ಎಳೆಗಳಲ್ಲಿ ಆದ ಸಣ್ಣ ಸಣ್ಣ ಸೀಳು ಮತ್ತು ಅದನ್ನು ರಿಪೇರಿ ಮಾಡಲು ಬಂದ ಉರಿಯೂತದಿಂದ. 1902ರಲ್ಲಿಯೇ ಥಿಯೋಡೋರ್ ಹಫ್ ಎಂಬವರು ಈ ತಡವಾದ ನೋವು ಆಯಾಸದ್ದಲ್ಲ, ಸೀಳಿನದು ಎಂದು ಬರೆದಿದ್ದರು. ಒಂದರಿಂದ ಮೂರು ದಿನದ ನಡುವೆ ತಾರಕಕ್ಕೇರುತ್ತದೆ. ಏರುವುದಕ್ಕಿಂತ ಇಳಿಯುವುದು ಹೆಚ್ಚು ನೋಯಿಸುತ್ತದೆ, ಏಕೆಂದರೆ ಇಳಿಯುವಾಗ ಮಾಂಸಖಂಡ ಉದ್ದವಾಗುತ್ತಲೇ ಭಾರ ತಡೆಯಬೇಕು. ಜನವರಿಯ ಮುಂಬಯಿ ಮ್ಯಾರಥಾನಿನಲ್ಲಿ ಎಲ್ಲರೂ ಪೆಡ್ಡರ್ ರಸ್ತೆಯ ಏರಿಗೆ ಹೆದರುತ್ತಾರೆ. ನನ್ನ ತೊಡೆಯನ್ನು ಮುಗಿಸುವುದು ಅದರ ಆಚೆಯ ಇಳಿಜಾರು.

ಇದರಲ್ಲೊಂದು ಚೆಂದವಿದೆ. ಎರಡು ವಾರ ಬಿಟ್ಟು ಅದೇ 10 ಕಿಲೋಮೀಟರ್ ಓಡಿ, ಅರ್ಧದಷ್ಟೂ ನೋಯುವುದಿಲ್ಲ. ಒಂದೇ ಏಟಿಗೆ ದೇಹ ಪಾಠ ಕಲಿತಿರುತ್ತದೆ. ಒಂದು ಎಚ್ಚರಿಕೆ ಮಾತ್ರ: ಅತಿಯಾಗಿ ದಣಿದ ಮೇಲೆ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಮನೆಯಲ್ಲಿ ಕೂರಬೇಡಿ. ಮಾಂಸಖಂಡ ಕರಗಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತಿದೆ ಎಂದು ಅರ್ಥ.

ವಾರ್ಡ್ ಸಿಸ್ಟರ್ (ನಿವೃತ್ತ), ಪರೇಲ್
ತಡವಾಗಿ ನೋಡಿದೆ. ರಾಯರೇ, ನೀವಿಸಿಕೊಳ್ಳುವುದನ್ನು ಓಡಿದ ಮಗನಿಗೆ ಹೇಳಿ, ಕೊಯ್ದ ತಾಯಿಗೆ ಹೇಳಬೇಡಿ. ಶಸ್ತ್ರಚಿಕಿತ್ಸೆಯಾದ ಕಾಲಿನ ಮೀನಖಂಡವನ್ನು ಬಿಸಿ ಎಣ್ಣೆ ಹಾಕಿ ತಿಕ್ಕುವುದು ಅಪಾಯ. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಮಲಗಿದಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸಿ ಎನ್ನುವುದು ಆ ಹೆಪ್ಪು ಕಟ್ಟದಿರಲಿ ಎಂದೇ. ಮೀನಖಂಡ ಒಂದೇ ಕಡೆ ಬಿಗಿದು ನೋಯುತ್ತಿದ್ದರೆ, ಏಕಾಏಕಿ ಉಸಿರು ಸಿಕ್ಕಿಕೊಂಡರೆ, ಗಾಯ ಒಸರುತ್ತಿದ್ದರೆ, ಈಗ ಮೂರನೆಯ ವಾರದಲ್ಲಿ ಹೊಸದಾಗಿ ಚಳಿಜ್ವರ ಬಂದರೆ, ಇಲ್ಲಿ ಕೇಳುತ್ತ ಕೂರದೆ ಡಾಕ್ಟರ ಬಳಿ ಓಡಿ. ಮೊದಲೆರಡು ದಿನದ ಸಣ್ಣ ಜ್ವರ ಬೇರೆ, ಅದು ಹೆಚ್ಚಾಗಿ ಕೊಯ್ದದ್ದಕ್ಕೆ ದೇಹ ಕೊಡುವ ಉತ್ತರ.

ತಮ್ಮ, ನಿನಗೆ ನನ್ನದು ಎರಡೇ ಪ್ರಶ್ನೆ. ಅಮ್ಮ ಏನು ಉಣ್ಣುತ್ತಾರೆ? ನೋವಿನ ಮಾತ್ರೆಯನ್ನು ನುಂಗುತ್ತಾರೆಯೇ? ನುಂಗುತ್ತಾರೆ ಎಂದು ಹೇಳಬೇಡ, ಎಣಿಸಿ ನೋಡಿ ಹೇಳು.

ಮೂರನೇ ಮಹಡಿ, ಡೊಂಬಿವಲಿ
ಊಟ: ಬೆಳಿಗ್ಗೆ ಗಂಜಿ, ಮಧ್ಯಾಹ್ನ ತಿಳಿಸಾರು ಅನ್ನ, ರಾತ್ರಿ ಮತ್ತೆ ಗಂಜಿ. ದೊಡ್ಡಮ್ಮನ ಪಥ್ಯ. ಬದನೆಕಾಯಿ, ಮೊಸರು, ಶೇಂಗಾ ಎಲ್ಲವೂ ನಂಜು ಎಂದು ನಿಷೇಧ. ಮಾತ್ರೆಯನ್ನು ನಾನೇ ಕೈಗೆ ಕೊಡುತ್ತೇನೆ ಸಿಸ್ಟರ್.

ವಾರ್ಡ್ ಸಿಸ್ಟರ್ (ನಿವೃತ್ತ), ಪರೇಲ್
ಕೈಗೆ ಕೊಡುತ್ತೀಯ. ಬಾಯಿಗೆ?

ಅನುಮಾನ ರಾಯ, ಕಲ್ಯಾಣ್
ಬದನೆಕಾಯಿ ನಂಜು ಎಂಬುದು ಸುಮ್ಮನೆ ಬಂದ ಮಾತಲ್ಲ. ತಿಂದರೆ ಗಾಯ ಕೀವಾಗುತ್ತದೆ. ನಮ್ಮ ಮನೆಯಲ್ಲೇ ಕಂಡಿದ್ದೇನೆ.

ವಾರ್ಡ್ ಸಿಸ್ಟರ್ (ನಿವೃತ್ತ), ಪರೇಲ್
31 ವರ್ಷ ಗಾಯಕ್ಕೆ ಪಟ್ಟಿ ಕಟ್ಟಿದ್ದೇನೆ. ಕೀವಾದ ಗಾಯಗಳ ಹಿಂದೆ ಕಂಡದ್ದು ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ತೊಳೆಯದ ಕೈ. ಬದನೆಕಾಯಿಯ ಮೇಲೆ ಆಪಾದನೆ ಹೊರಿಸಲು ನನಗೆ ಸಾಕ್ಷಿ ಸಿಕ್ಕಿಲ್ಲ. ಯಾರಿಗಾದರೂ ತಿಂದರೆ ಮೈ ತುರಿಸುತ್ತದೆ ಎಂದಾದರೆ ಬಿಡಲಿ, ಅದು ಬೇರೆ ಮಾತು.

ಕೊಯ್ದ ದೇಹಕ್ಕೆ ಅದು ಯುದ್ಧ. ಕಾರ್ಟಿಸಾಲ್, ಅಡ್ರಿನಲಿನ್ ಎಂಬ ಒತ್ತಡದ ಹಾರ್ಮೋನುಗಳು ಏರುತ್ತವೆ, ಸಕ್ಕರೆ ಕಾಯಿಲೆ ಇಲ್ಲದವರಿಗೂ ರಕ್ತದ ಸಕ್ಕರೆ ಏರುತ್ತದೆ, ಗಾಯ ಕಟ್ಟುವ ಸಾಮಗ್ರಿಗಾಗಿ ದೇಹ ತನ್ನದೇ ಮಾಂಸಖಂಡವನ್ನು ಒಡೆದು ಪ್ರೋಟೀನ್ ತೆಗೆಯುತ್ತದೆ. ಗಂಜಿಯಲ್ಲಿ ಇಟ್ಟಿಗೆಯೂ ಇಲ್ಲ, ಗಾರೆಯೂ ಇಲ್ಲ.

ನಿವೃತ್ತ ಮಾಸ್ತರ, ಮುಲುಂಡ್
ಸಿಸ್ಟರ್ ಹೇಳಿದ್ದಕ್ಕೆ ಒಂದು ಅಡಿಟಿಪ್ಪಣಿ. ಗ್ಲಾಸ್ಗೋದ ಡೇವಿಡ್ ಕತ್ಬರ್ಟ್‌ಸನ್ ಎಂಬವರು 1930ರ ದಶಕದಲ್ಲಿ ಕಾಲಿನ ಮೂಳೆ ಮುರಿದವರ ಮೂತ್ರವನ್ನು ಅಳೆದು, ಮುರಿದ ಜಾಗದಲ್ಲಿ ಮಾತ್ರವಲ್ಲ, ಇಡೀ ದೇಹದಲ್ಲಿ ಮಾಂಸ ಕರಗುತ್ತದೆ ಎಂದು ತೋರಿಸಿದರು. ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಲೆಟ್ 1990ರ ದಶಕದಲ್ಲಿ ಬೇಗ ಉಣಿಸಿ, ಬೇಗ ನಡೆಸಿ, ನೋವನ್ನು ಚೆನ್ನಾಗಿ ತಗ್ಗಿಸಿ ಎಂಬ ಪದ್ಧತಿ ತಂದದ್ದು ಈ ಯುದ್ಧವನ್ನು ಸಣ್ಣದು ಮಾಡಲೆಂದೇ.

ಚಕ್ಕುಲಿ ಅಕ್ಕ, ಗೋರೆಗಾಂವ್
ವಿಷಯಾಂತರ ಎನ್ನಬೇಡಿ. ನನ್ನ ಪಿತ್ತಕೋಶ ತೆಗೆದಾಗ ಹೊಟ್ಟೆಗೆ ನಾಲ್ಕು ತೂತು. ಆದರೆ ಮಾರನೆಯ ದಿನ ನೋವು ಬಲ ಭುಜದಲ್ಲಿ! ಹೃದಯಾಘಾತವೇ ಇರಬೇಕೆಂದು ರಾತ್ರಿಯಿಡೀ ಮಕ್ಕಳ ಮದುವೆಯ ಲೆಕ್ಕ ಹಾಕಿದೆ. ಬೆಳಿಗ್ಗೆ ಡಾಕ್ಟರು ನಕ್ಕರು. ಹೊಟ್ಟೆ ಉಬ್ಬಿಸಲು ತುಂಬಿದ ಇಂಗಾಲದ ಡೈಆಕ್ಸೈಡ್ ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆಯನ್ನು ಕೆರಳಿಸುತ್ತದೆ, ವಪೆಯ ನರವೂ ಭುಜದ ನರವೂ ಕುತ್ತಿಗೆಯ ಒಂದೇ ಬೇರಿನಿಂದ ಬರುತ್ತವೆ, ಮೆದುಳಿಗೆ ವಿಳಾಸ ತಪ್ಪುತ್ತದೆ ಎಂದರು. ಎರಡು ದಿನ ನಡೆದಾಡಿದ ಮೇಲೆ ಹೋಯಿತು.

ಗಲ್ಲಾಪೆಟ್ಟಿಗೆ, ವಡಾಲಾ
ನಮ್ಮ ಅಂಚೆಯವನೂ ಹಾಗೆಯೇ. ಮೂರನೇ ಅಂಗಡಿಯ ಕಾಗದ ನನ್ನ ಗಲ್ಲಾಕ್ಕೆ.

ಮೂರನೇ ಮಹಡಿ, ಡೊಂಬಿವಲಿ
ಸಿಸ್ಟರ್, ನಿಮಗೆ ಅಡ್ಡಬಿದ್ದೆ. ಅಮ್ಮ ಸ್ನಾನಕ್ಕೆ ಹೋದಾಗ ದಿಂಬಿನ ಕೆಳಗೆ ನೋಡಿದೆ, ಇಲ್ಲ. ದೇವರ ಕಪಾಟು, ಇಲ್ಲ. ಕೊನೆಗೆ ಹಳೆಯ ಕನ್ನಡಕದ ಪೆಟ್ಟಿಗೆ ತೆರೆದರೆ ಕಾಗದದಲ್ಲಿ ಸುತ್ತಿದ 14 ಮಾತ್ರೆಗಳು. ಕೇಳಿದರೆ, ‘ಮಾತ್ರೆ ಉಷ್ಣ, ಮೂತ್ರಪಿಂಡ ಹಾಳಾಗುತ್ತದೆ, ತಡೆಯಲಾಗದಾಗ ತೆಗೆದುಕೊಳ್ಳೋಣವೆಂದು ಉಳಿಸಿದ್ದೇನೆ’ ಎಂದಳು. ಚಿಲ್ಲರೆ ಕೂಡಿಡುವ ಹಾಗೆ ಮಾತ್ರೆ ಕೂಡಿಟ್ಟಿದ್ದಾಳೆ.

ವಾರ್ಡ್ ಸಿಸ್ಟರ್ (ನಿವೃತ್ತ), ಪರೇಲ್
ನನ್ನ ವಾರ್ಡಿನಲ್ಲಿ ಹೂದಾನಿಯೊಳಗೆ ಸಿಕ್ಕಿದ್ದವು. ಬೈಯಬೇಡ. ಡಾಕ್ಟರಿಗೆ ಫೋನ್ ಮಾಡಿ, ಬರೆದ ಮಾತ್ರೆ ಇದೇ ತಾನೇ, ಇವರ ಮೂತ್ರಪಿಂಡಕ್ಕೆ ಸರಿಹೋಗುತ್ತದೆಯೇ, ವ್ಯಾಯಾಮಕ್ಕೆ ಮುಂಚೆ ಕೊಡಬಹುದೇ ಎಂದು ಕೇಳು. ಫಿಸಿಯೋ ಬರುವುದಕ್ಕೆ ಅರ್ಧ ಮುಕ್ಕಾಲು ಗಂಟೆ ಮೊದಲು ನುಂಗಿದರೆ ಮಡಿಸುವ ಹೊತ್ತಿಗೆ ಅದು ಕೆಲಸ ಮಾಡುತ್ತಿರುತ್ತದೆ. ಆಮೇಲೆ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಕಾಲು ಗಂಟೆ.

ಓಟಗಾರ್ತಿ, ನೆರೂಲ್
ಮಂಜುಗಡ್ಡೆ ಬೇಡ ಎನ್ನುವವರೂ ಇದ್ದಾರಲ್ಲ? 1978ರಲ್ಲಿ ‘ಪೆಟ್ಟಾದರೆ ವಿಶ್ರಾಂತಿ, ಮಂಜು’ ಎಂಬ ಸೂತ್ರ ಕೊಟ್ಟ ಡಾಕ್ಟರ್ ಗೇಬ್ ಮರ್ಕಿನ್ ಅವರೇ 2014ರಲ್ಲಿ, ಇವೆರಡೂ ಮಾಗುವುದನ್ನು ತಡ ಮಾಡಬಹುದು ಎಂದು ಮಾತು ತಿದ್ದಿಕೊಂಡರು.

ಥಾಣೆ ಫಿಸಿಯೋ
ಅದು ನಿಜ. ಇಲ್ಲಿ ಮಂಜು ಬೇಗ ಮಾಗಲೆಂದು ಅಲ್ಲ, ನೋವು ಇಳಿದು ಮುಂದಿನ ಸಲ ಮಡಿಸಲು ಧೈರ್ಯ ಬರಲೆಂದು. ಊಟದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಇಂಥ ಹೊತ್ತಿನಲ್ಲಿ ದೇಹದ ತೂಕದ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು, ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿ. ಅಮ್ಮನ ತೂಕ 60 ಎಂದಿಟ್ಟುಕೊಂಡರೂ 72 ಗ್ರಾಂ. ಒಂದು ಬಟ್ಟಲು ಗಟ್ಟಿ ಬೇಳೆಯಲ್ಲಿ ಏಳೆಂಟು ಗ್ರಾಂ, ಒಂದು ಲೋಟ ಹಾಲಿನಲ್ಲಿ ಆರೇಳು, ನೂರು ಗ್ರಾಂ ಪನೀರಿನಲ್ಲಿ 18ರ ಆಸುಪಾಸು, ಒಂದು ಹಿಡಿ ಶೇಂಗಾದಲ್ಲಿ ಏಳು. ತಿಳಿಸಾರಿನಲ್ಲಿ ಎಷ್ಟು ಎಂದು ನೀವೇ ಊಹಿಸಿ.

ಅನುಮಾನ ರಾಯ, ಕಲ್ಯಾಣ್
ಶೇಂಗಾ ಪಿತ್ತ.

ನಿವೃತ್ತ ಮಾಸ್ತರ, ಮುಲುಂಡ್
ರಾಯರಿಗೆ ಶೇಂಗಾ ಪಿತ್ತ, ಬದನೆ ನಂಜು, ಮೊಸರು ಶೀತ, ಫಿಸಿಯೋ ಖರ್ಚು. ನಿಮ್ಮ ಮನೆಯ ಅಡುಗೆಯವರಿಗೆ ಕೈಮುಗಿಯಬೇಕು.

ಮೂರನೇ ಮಹಡಿ, ಡೊಂಬಿವಲಿ (12 ದಿನಗಳ ನಂತರ)
ಕೇಳಿದವರಿಗೆಲ್ಲ ವರದಿ. ಮಾತ್ರೆ ಡಾಕ್ಟರು ಬದಲಿಸಿಕೊಟ್ಟರು, ನನ್ನ ಕಣ್ಣೆದುರೇ ನುಂಗಬೇಕು. ಮೊದಲ ದಿನ ನುಂಗಿ ಬಾಯಿ ತೆರೆದು ತೋರಿಸಿದಳು, ಚಿಕ್ಕಂದಿನಲ್ಲಿ ನನಗೆ ಮಾಡಿಸುತ್ತಿದ್ದಂತೆ. ಸೆರಗು ಈಗ ಹೆಗಲ ಮೇಲೆಯೇ ಇದೆ. ಅಳತೆ 96. ದೊಡ್ಡಮ್ಮನಿಗೆ ‘ಅಮ್ಮ ಗಂಜಿಯನ್ನೇ ಕುಡಿಯುತ್ತಿದ್ದಾಳೆ’ ಎಂದು ಹೇಳುತ್ತೇನೆ. ಬೇಳೆ ತೊವ್ವೆ, ಮೊಸರು, ಶೇಂಗಾ ಚಟ್ನಿಪುಡಿ ಎಲ್ಲ ನಡೆದಿದೆ.

ನಿನ್ನೆ ಫಿಸಿಯೋದವರು ಮೆಟ್ಟಿಲಿಗೆ ಕರೆದೊಯ್ದರು. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಕೊಯ್ದ ಕಾಲು ಮೊದಲು. ಅಮ್ಮ ಪ್ರತಿ ಮೆಟ್ಟಿಲಿಗೂ ಅದನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಎರಡನೇ ಮಹಡಿಯವರೆಗೆ ಇಳಿದು, ಅಲ್ಲಿಯ ಕಾಕು ಬಾಗಿಲು ತೆರೆದದ್ದೇ ನೆಪವಾಗಿ ಮುಕ್ಕಾಲು ಗಂಟೆ ಕುಳಿತು ಚಹಾ ಕುಡಿದು ಬಂದಳು. ಸಂಜೆ ಕಾಲು ಊದಿತು. ‘ಊದಲಿ ಬಿಡು, ಬೆಳಿಗ್ಗೆ ಇಳಿಯುತ್ತದೆ’ ಎಂದು ತಾನೇ ದಿಂಬಿನ ಮೇಲೆ ಎತ್ತಿಟ್ಟುಕೊಂಡಳು.

ಈಗ ಊರುಗೋಲು ಬಂದಿದೆ, ವಾಕರ್ ಮೂಲೆಯಲ್ಲಿದೆ. ಯಾರಿಗಾದರೂ ಬೇಕೇ?

ಗಲ್ಲಾಪೆಟ್ಟಿಗೆ, ವಡಾಲಾ
ನಮ್ಮ ಭಟ್ಟರ ತಾಯಿಗೆ ಮುಂದಿನ ವಾರ ಸೊಂಟದ ಶಸ್ತ್ರಚಿಕಿತ್ಸೆ. ತಂದುಕೊಡುತ್ತೀರಾ? ಊಟ ನಮ್ಮಲ್ಲಿ.

ವಾರ್ಡ್ ಸಿಸ್ಟರ್ (ನಿವೃತ್ತ), ಪರೇಲ್
ಎತ್ತರವನ್ನು ಅವರ ಮಣಿಕಟ್ಟಿಗೆ ಸರಿಹೊಂದಿಸಿ ಕೊಡು. ಕಾಲುಗಳ ರಬ್ಬರು ಸವೆದಿದ್ದರೆ ಬದಲಿಸು.

ಮೂರನೇ ಮಹಡಿ, ಡೊಂಬಿವಲಿ
ಆಗಲಿ ಸಿಸ್ಟರ್. ಹಿಡಿಕೆಗಳಿಗೆ ಅಮ್ಮ ಹಳೆಯ ಇಳಕಲ್ ಸೀರೆಯ ತುಂಡು ಸುತ್ತಿದ್ದಾಳೆ, ಕೈ ಬೆವರುವುದಿಲ್ಲವಂತೆ, ಬಿಚ್ಚಬಾರದಂತೆ. ಅಣ್ಣ, ಶನಿವಾರ ಮಧ್ಯಾಹ್ನದ ಖಾಲಿ ಲೋಕಲ್ ಗಾಡಿಯಲ್ಲಿ ತರುತ್ತೇನೆ.

ಅನುಮಾನ ರಾಯ, ಕಲ್ಯಾಣ್
ಡೊಂಬಿವಲಿಗೆ ಖಾಲಿ ಗಾಡಿ ಯಾವಾಗಿನಿಂದ ಬರುತ್ತಿದೆ?